ಚಾಪೆಗೆ ಮರಳಿದ ಮಕ್ಕಳು



ಒಂದು ಕುರ್ಚಿಯಿಂದ ಮಾತು ಶುರುಮಾಡುತ್ತೇನೆ. ನಮ್ಮ ತಾಲ್ಲೂಕು ಕೇಂದ್ರದ ಬಡಗಿಯೊಬ್ಬರು ಬೇವಿನ ಮರದಲ್ಲಿ ಮಾಡಿಕೊಟ್ಟ ಮೂಲೆ ಕುರ್ಚಿ ಅದು. ಗೋಡೆಯ ಮೂಲೆಯ ಹಾಗೆ ಎರಡು ಹಲಗೆ ಕೂಡಿಸಿದ ಬೆನ್ನು, ಮುಂದೆ ತಟ್ಟೆಯಿಡಲು ಅಡ್ಡಹಲಗೆ, ಸೊಂಟಕ್ಕೊಂದು ಪಟ್ಟಿ, ತೊಡೆಗಳ ನಡುವೆ ಬಟ್ಟೆ ಸುತ್ತಿದ ಗೂಟ. ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಹೋಗದಿರಲಿ ಎಂದು ಆ ಗೂಟ. ಏಳು ವರ್ಷದ ಹುಡುಗಿಯೊಬ್ಬಳನ್ನು ಕೂರಿಸಿ ಅಳತೆ ತೆಗೆದು ಮಾಡಿಸಿದ್ದು. 2020ರ ಮಾರ್ಚ್ ತಿಂಗಳಲ್ಲಿ ಅಂಗವಿಕಲ ಮಕ್ಕಳ ನಮ್ಮ ಕೇಂದ್ರದ ಬಾಗಿಲು ಹಾಕುವಾಗ ಅದನ್ನು ಒಳಗೇ ಬಿಟ್ಟೆವು. ಒಂದು ವಾರ, ಹೆಚ್ಚೆಂದರೆ ಹದಿನೈದು ದಿನ ಎಂದುಕೊಂಡಿದ್ದೆವು. ಮನೆಗೆ ಕಳಿಸಬಹುದಿತ್ತು, ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ. ಹುಡುಗಿ ಊರಿಗೆ ಹೋದಳು, ಕುರ್ಚಿ ಕೇಂದ್ರದಲ್ಲಿ ಉಳಿಯಿತು. ಅವಳ ಮನೆಯಲ್ಲಿ ಅವಳಿಗಾಗಿ ಇದ್ದದ್ದು ಒಂದು ಚಾಪೆ.

ಮಕ್ಕಳ ಫಿಸಿಯೋಥೆರಪಿಸ್ಟ್ ಆಗಿ ತುಮಕೂರು, ಚಿತ್ರದುರ್ಗದ ಬಯಲುಸೀಮೆಯ ಹಳ್ಳಿಗಳಲ್ಲಿ ಎರಡು ದಶಕ ಓಡಾಡಿದವಳು ನಾನು. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು ಕೋವಿಡ್ ಕಾಲದ ಬಾಗಿಲು ಮುಚ್ಚಿದ ದಿನಗಳಲ್ಲಿ ಏನು ಕಳೆದುಕೊಂಡರು ಎಂದು ಇವತ್ತು ಹೇಳಬೇಕಾಗಿದೆ. ಕುರ್ಚಿಯಿಂದ ಚಾಪೆಗೆ ಹೋದರು ಎಂದರೆ ಅರ್ಧ ಹೇಳಿದಂತೆ. ಉಳಿದರ್ಧ ಹೇಳಲು ಈ ಮಕ್ಕಳ ದೇಹದ ಬಗ್ಗೆ ಸ್ವಲ್ಪ ಹೇಳಬೇಕು.

ನಮ್ಮ ಕಡೆ ಈ ಮಕ್ಕಳ ಕಥೆ ಬಹುಪಾಲು ಒಂದೇ ಮಾತಿನಿಂದ ಶುರುವಾಗುತ್ತದೆ: “ಹುಟ್ಟಿದ್ ಕೂಡ್ಲೇ ಅಳ್ಲಿಲ್ಲ ಮೇಡಂ.” ಇಲ್ಲವೇ, “ತಿಂಗ್ಳು ತುಂಬೋಕ್ ಮುಂಚೇನೇ ಆಯ್ತು, ಪೆಟ್ಟಿಗೇಲಿ ಇಟ್ಟಿದ್ರು.” ಇನ್ನು ಕೆಲವರಿಗೆ ಹುಟ್ಟಿದ ಮೊದಲ ವಾರದಲ್ಲಿ ಏರಿದ ಕಾಮಾಲೆ. ಹೊಟ್ಟೆಯಲ್ಲಿದ್ದಾಗಲೋ ಹುಟ್ಟುವಾಗಲೋ ಹುಟ್ಟಿದ ಸ್ವಲ್ಪ ಕಾಲದಲ್ಲೋ, ಇನ್ನೂ ಬೆಳೆಯುತ್ತಿರುವ ಮಿದುಳಿಗೆ ಬಿದ್ದ ಪೆಟ್ಟು ಇದು. ಕಷ್ಟದ ಹೆರಿಗೆಗೂ ಮಕ್ಕಳ ಕೈಕಾಲಿನ ಬಿಗಿತಕ್ಕೂ ಇರುವ ನಂಟನ್ನು ಇಂಗ್ಲೆಂಡಿನ ಶಸ್ತ್ರವೈದ್ಯ ವಿಲಿಯಂ ಲಿಟಲ್ 1861ರಲ್ಲಿ ಲಂಡನ್ನಿನ ಪ್ರಸೂತಿ ವೈದ್ಯರ ಮುಂದೆ ಇಟ್ಟರು. ಬಹಳ ಕಾಲ ಇದಕ್ಕೆ ಲಿಟಲ್ ಕಾಯಿಲೆ ಎಂದೇ ಹೆಸರಿತ್ತು. ಸಾವಿರ ಮಕ್ಕಳು ಹುಟ್ಟಿದರೆ ಎರಡು ಮೂರು ಮಕ್ಕಳಿಗೆ ಇದು ಇರುತ್ತದೆ ಎಂಬುದು ಸಾಮಾನ್ಯ ಲೆಕ್ಕ. ವರ್ಷಕ್ಕೆ ಸುಮಾರು 10 ಲಕ್ಷ ಮಕ್ಕಳು ಹುಟ್ಟುವ ನಮ್ಮ ರಾಜ್ಯಕ್ಕೆ ಅದನ್ನು ಹಾಕಿ ನೋಡಿದರೆ ಪ್ರತಿವರ್ಷ ಎರಡು ಮೂರು ಸಾವಿರ ಮಕ್ಕಳಾಗುತ್ತಾರೆ.

ಮಿದುಳಿಗೆ ಆದ ಆ ಗಾಯ ಹೆಚ್ಚುವುದಿಲ್ಲ. ಆದರೆ ಮಗು ಬೆಳೆಯುತ್ತದೆ, ತೊಡಕಿರುವುದು ಅಲ್ಲೇ. ಮೂಳೆ ಉದ್ದವಾಗುತ್ತದೆ, ಬಿಗಿದ ಸ್ನಾಯು ಅದರ ಜೊತೆಗೆ ಉದ್ದವಾಗಲಾರದು. ಬಿಲ್ಲು ಬೆಳೆಯುತ್ತಾ ಹೋಗಿ ಹೆದೆ ಮಾತ್ರ ಅಷ್ಟೇ ಉಳಿದರೆ ಬಿಲ್ಲು ಇನ್ನಷ್ಟು ಬಾಗಲೇಬೇಕು. ಮೊಣಕಾಲು ಮಡಿಸಿಕೊಳ್ಳುತ್ತದೆ, ಹಿಮ್ಮಡಿ ನೆಲ ಬಿಟ್ಟು ಮೇಲೇಳುತ್ತದೆ, ಬೆನ್ನು ಒಂದು ಪಕ್ಕಕ್ಕೆ ವಾಲುತ್ತದೆ. ಐದರಿಂದ ಹತ್ತು ವರ್ಷದೊಳಗಿನ ಮಗು ವರ್ಷಕ್ಕೆ 5–6 ಸೆಂಟಿಮೀಟರ್ ಬೆಳೆಯುತ್ತದೆ. ನಮ್ಮ ಮಕ್ಕಳು ಅದಕ್ಕಿಂತ ಕೊಂಚ ನಿಧಾನವಾಗಿ ಬೆಳೆದಾರು, ಆದರೆ ಬೆಳೆಯದೆ ಇರುವುದಿಲ್ಲ. ಕರ್ನಾಟಕದಲ್ಲಿ ಒಂದರಿಂದ ಐದನೇ ತರಗತಿಯ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳು. ದೇಶವನ್ನೇ ನಿಲ್ಲಿಸಿದ ಆಜ್ಞೆಗೆ ಆ ಮೂಳೆಗಳು ನಿಲ್ಲಲಿಲ್ಲ.

ನನ್ನ ವೃತ್ತಿಯ ಬಗ್ಗೆಯೂ ಒಂದು ಮಾತು ನೇರವಾಗಿ ಹೇಳಿಬಿಡಬೇಕು. ಥೆರಪಿ ಎಂದರೆ ಕಾಲು ಹಿಡಿದು ಎಳೆಯುವುದು ಎಂದು ಜನ ತಿಳಿದಿದ್ದಾರೆ. ನಾವೂ ಬಹಳ ಕಾಲ ಹಾಗೇ ನಂಬಿದ್ದೆವು. ಕೆಲವು ನಿಮಿಷ ಕೈಯಿಂದ ಎಳೆದು ಬಿಟ್ಟರೆ ಕೀಲಿನ ಬಿಗಿತ ಹೇಳಿಕೊಳ್ಳುವಷ್ಟು ಸಡಿಲವಾಗುವುದಿಲ್ಲ ಎಂದು ಈಚಿನ ಅಧ್ಯಯನಗಳು ತೋರಿಸಿವೆ. ದೇಹ ಗಂಟೆಗಟ್ಟಲೆ ಯಾವ ಭಂಗಿಯಲ್ಲಿ ಇರುತ್ತದೆ, ಮಗು ತಾನಾಗಿ ಏನನ್ನು ಮಾಡಲು ಹೆಣಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಲಾಕ್‌ಡೌನಿನಲ್ಲಿ ವಾರಕ್ಕೆ ಮೂರು ಸಲದ ಫಿಸಿಯೋಥೆರಪಿ ತಪ್ಪಿತು ಎಂದು ಬರೆದುಕೊಂಡರೆ ನಷ್ಟದ ಲೆಕ್ಕ ಸಿಕ್ಕುವುದಿಲ್ಲ. ತಪ್ಪಿದ್ದು ಇಡೀ ದಿನ.

ಆ ಹುಡುಗಿಯ ದಿನ ಹೇಗಿತ್ತು ಕೇಳಿ. ಬೆಳಗ್ಗೆ ಒಂಬತ್ತೂವರೆಗೆ ಅಜ್ಜಿಯ ಸೊಂಟದ ಮೇಲೆ ಬಸ್ಸಿಳಿದು ಬರುವಳು. ಮೊದಲ ಒಂದು ಗಂಟೆ ಸ್ಟ್ಯಾಂಡಿಂಗ್ ಫ್ರೇಮಿನಲ್ಲಿ ಪಟ್ಟಿ ಬಿಗಿಸಿಕೊಂಡು ನಿಂತು, ಎದುರಿನ ಮೇಜಿನ ಮೇಲೆ ಹರಡಿದ ಅವರೆಕಾಳನ್ನು ಲೋಟಕ್ಕೆ ತುಂಬುವುದು. ಹತ್ತು ಕಾಳಿಗೆ ಆರು ನೆಲಕ್ಕೆ. ಆಮೇಲೆ ಮೂಲೆ ಕುರ್ಚಿಯಲ್ಲಿ ಪಾಠ. ಅವಳಿಗೆ ಮಾತು ಬಾರದು. ಅಡ್ಡಹಲಗೆಯ ಮೇಲೆ ಚಿತ್ರದ ಹಲಗೆ ಇಡುತ್ತಿದ್ದೆವು. ನೀರು, ಊಟ, ಮೂತ್ರ, ನೋವು, ಅಜ್ಜಿ, ಬಸ್ಸು. ಮುಷ್ಟಿಯನ್ನು ಅದರ ಮೇಲೆ ಎಳೆದು ಎಳೆದು ತಂದು ತೋರಿಸುವಳು. ಮಧ್ಯಾಹ್ನ ಕೂತು, ಗದ್ದ ಕೊಂಚ ಕೆಳಗಿಟ್ಟು ಊಟ. ಕಾಲಿಗೆ ಸದಾ ಸ್ಪ್ಲಿಂಟು. ಮೂರು ಗಂಟೆಗೆ ಪಕ್ಕದ ಕುರ್ಚಿಯ ಹುಡುಗನ ಮೇಲೆ ಸಿಟ್ಟು, ಅಳು, ನಗು. ಇದರಲ್ಲಿ ಯಾವುದು ಥೆರಪಿ, ಯಾವುದು ಶಾಲೆ, ಯಾವುದು ಆಟ ಎಂದು ಬಿಡಿಸಿ ಹೇಳಲು ನನ್ನಿಂದಾಗದು.

ಇಂಥ ದಿನವೊಂದನ್ನು ನಮ್ಮ ದೇಶದಲ್ಲಿ ಮೊದಲಿಗೆ ಕಟ್ಟಿದವರು ಹೆತ್ತವರೇ. ಮಿಥು ಆಲೂರ್ ಅವರು ತಮ್ಮ ಮಗಳು ಮಾಲಿನಿ ಚಿಬ್ ಅವರಿಗೆ ಓದುವ ಜಾಗವೇ ಇಲ್ಲವೆಂದು ಕಂಡು 1972ರಲ್ಲಿ ಮುಂಬಯಿಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿಯನ್ನು ಕಟ್ಟಿದರು. ಬೆಂಗಳೂರಿನ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಶುರುವಾದದ್ದು 1980ರಲ್ಲಿ. ಪಾಠ, ಥೆರಪಿ, ಊಟ, ಗೆಳೆತನ ಎಲ್ಲವೂ ಒಂದೇ ಸೂರಿನಡಿ ಇರಬೇಕೆಂಬ ತಿಳಿವಳಿಕೆ ಅಂಥ ಜಾಗಗಳಿಂದ ತಾಲ್ಲೂಕುಗಳಿಗೆ ಇಳಿದು ಬರಲು ಮೂವತ್ತು ವರ್ಷ ಬೇಕಾಯಿತು. ಹಾಗೆ ಬಂದದ್ದು ಮೊಟ್ಟಮೊದಲು ಮುಚ್ಚಿತು, ಕೊನೆಯ ಸರದಿಯಲ್ಲಿ ತೆರೆಯಿತು.

2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಲಾಕ್‌ಡೌನ್ ಘೋಷಣೆಯಾಯಿತು, ನಡುರಾತ್ರಿಯಿಂದ ಎಲ್ಲ ನಿಂತಿತು. ಹಾಲು, ತರಕಾರಿ, ಔಷಧಿ ಅಂಗಡಿ, ಆಸ್ಪತ್ರೆ ಇವೆಲ್ಲ ಅಗತ್ಯ ಸೇವೆ. ನಮ್ಮಂಥ ಕೇಂದ್ರ ಶಾಲೆಯ ಲೆಕ್ಕಕ್ಕೆ ಸೇರಿತು. ರಾಜ್ಯದಲ್ಲಿ ಬಸ್ಸು ಮತ್ತೆ ರಸ್ತೆಗಿಳಿದದ್ದು ಮೇ 19ಕ್ಕೆ, ಒಂದು ಬಸ್ಸಿಗೆ ಮೂವತ್ತು ಜನ. ನೂರು ಕಿಲೋಮೀಟರಿನೊಳಗೆ ಓಡಾಡಲು ಅಂಗವಿಕಲರಿಗೆ ಕೊಡುವ ಪಾಸು ನಮ್ಮ ಬಹುತೇಕ ಮಕ್ಕಳ ಹತ್ತಿರ ಇತ್ತು. ಆದರೆ ಹತ್ತು ವರ್ಷದೊಳಗಿನ ಮಕ್ಕಳು ಮನೆಯಲ್ಲೇ ಇರಬೇಕೆಂದು ಕೇಂದ್ರ ಗೃಹ ಇಲಾಖೆಯ ಸೂಚನೆ ಇತ್ತು. ಅರವತ್ತೈದು ದಾಟಿದವರೂ ಮನೆಯಲ್ಲೇ ಇರಬೇಕು. ಮಗು ಹತ್ತರೊಳಗೆ, ಅದನ್ನು ಹೊತ್ತು ತರುವ ಅಜ್ಜಿ ಅರವತ್ತೈದರಾಚೆ. ಬಸ್ಸು ಓಡಾಡಿದರೂ ಅವರಿಬ್ಬರೂ ಹತ್ತುವಂತಿರಲಿಲ್ಲ.

ಸೋಂಕಿನ ಭಯ ಸುಳ್ಳಾಗಿತ್ತೆಂದು ನಾನು ಹೇಳುತ್ತಿಲ್ಲ. ಕೆಮ್ಮಿ ಕಫ ಹೊರಹಾಕಲಾರದ, ನುಂಗಿದ್ದು ಶ್ವಾಸನಾಳಕ್ಕೆ ಇಳಿಯುವ ಮಕ್ಕಳಿಗೆ ಯಾವ ಎದೆಯ ಸೋಂಕೂ ಸಣ್ಣದಲ್ಲ. ಮೊದಲ ವಾರಗಳಲ್ಲಿ ಬಾಗಿಲು ಹಾಕಿದ್ದು ಸರಿಯೇ. ಆದರೆ ಹಾಕಿದ ಬಾಗಿಲ ಹಿಂದೆ ಈ ಮಕ್ಕಳಿಗೆ ಏನಾಗುತ್ತಿದೆ ಎಂದು ನೋಡಲು ಯಾರಿಗೂ ಹೇಳದೇ ಹೋದದ್ದು ತಪ್ಪು.

ಚಾಪೆಯ ಮೇಲೆ ಏನಾಗುತ್ತದೆ? ಅಂಗಾತ ಮಲಗಿದ ಮಗುವಿಗೆ ಕಾಣುವುದು ತೊಲೆ, ಹೆಂಚು, ಫ್ಯಾನು. ಮಲಗಿಸಿಯೇ ಉಣಿಸಿದ ಗಂಜಿ ತಪ್ಪುದಾರಿ ಹಿಡಿಯುತ್ತದೆ. ಸ್ಪ್ಲಿಂಟು ಆರು ತಿಂಗಳಿಗೆ ಚಿಕ್ಕದಾಗುತ್ತದೆ, ಹೊಸದಕ್ಕೆ ಅಳತೆ ಕೊಡಲು ಜಿಲ್ಲಾ ಕೇಂದ್ರಕ್ಕೇ ಹೋಗಬೇಕು. ಸ್ನಾಯು ಸಡಿಲಿಸಲು ಕೊಡುವ ಬೊಟುಲಿನಂ ಇಂಜೆಕ್ಷನ್ನಿನ ಗುಣ ಮೂರು ನಾಲ್ಕು ತಿಂಗಳಲ್ಲಿ ಇಳಿದುಹೋಗುತ್ತದೆ.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಸೊಂಟದ ಕೀಲು. ಹುಟ್ಟುವಾಗ ಅದು ಸರಿಯಾಗೇ ಇರುತ್ತದೆ. ಸ್ನಾಯುಗಳ ಎಳೆತಕ್ಕೆ, ಕಾಲೂರಿ ನಿಲ್ಲದ್ದಕ್ಕೆ, ತೊಡೆಮೂಳೆಯ ಗುಂಡು ತನ್ನ ಗುಳಿಯಿಂದ ನಿಧಾನವಾಗಿ ಹೊರಕ್ಕೆ ಸರಿಯುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಮೂವರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ತಲೆ ನಿಲ್ಲಿಸಲೂ ಆಗದಷ್ಟು ತೀವ್ರವಾಗಿದ್ದರೆ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ. ಮೊದಮೊದಲು ನೋವಿರುವುದಿಲ್ಲ, ಕಣ್ಣಿಗೆ ಕಾಣುವುದೂ ಇಲ್ಲ. ಆರು ತಿಂಗಳಿಗೋ ವರ್ಷಕ್ಕೋ ಒಂದು ಎಕ್ಸ್‌ರೇ ತೆಗೆಸಿದರೆ ಮಾತ್ರ ತಿಳಿಯುತ್ತದೆ. ಬೇಗ ತಿಳಿದರೆ ಸ್ನಾಯು ಸಡಿಲಿಸುವ ಸಣ್ಣ ಶಸ್ತ್ರಚಿಕಿತ್ಸೆ ಸಾಕಾಗಬಹುದು. ತಡವಾದರೆ ಮೂಳೆಯನ್ನೇ ಕತ್ತರಿಸಿ ಕೂಡಿಸಬೇಕು. ತುರ್ತಿಲ್ಲದ ಎಕ್ಸ್‌ರೇ, ತುರ್ತಿಲ್ಲದ ಶಸ್ತ್ರಚಿಕಿತ್ಸೆ ಎಲ್ಲವನ್ನೂ ಆ ದಿನಗಳಲ್ಲಿ ಮುಂದೂಡಿದರು. ನನ್ನ ಪಟ್ಟಿಯ ಮಕ್ಕಳಲ್ಲಿ ಹಲವರಿಗೆ ಎರಡು ವರ್ಷ ಎಕ್ಸ್‌ರೇ ಆಗಲಿಲ್ಲ. ಬಟ್ಟೆ ಬದಲಾಯಿಸುವಾಗ ಮಗು ಚೀರತೊಡಗಿದ ಮೇಲೆ ತಾಯಿ ಫೋನು ಮಾಡಿದರು.

ಫಿಟ್ಸ್ ಇನ್ನೊಂದು. ಈ ಮಕ್ಕಳಲ್ಲಿ ಸುಮಾರು ಮೂರರಲ್ಲೊಂದು ಭಾಗಕ್ಕೆ ಮೂರ್ಛೆಯೂ ಇರುತ್ತದೆ. ಅದಕ್ಕೆ ಕೊಡುವ ವ್ಯಾಲ್‌ಪ್ರೊಯೇಟ್ ಸಿರಪ್ಪನ್ನು ಒಮ್ಮೆಲೇ ನಿಲ್ಲಿಸಿದರೆ ಬಿಡದೆ ಬರುವ ಫಿಟ್ಸ್‌ಗೆ ಜೀವವೇ ಹೋಗಬಹುದು, ಆದರೆ ಹಳ್ಳಿಯ ಅಂಗಡಿಯಲ್ಲಿ ಅದು ಸಿಗದು. ಇಲ್ಲಿ ನಮ್ಮ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ನೆನೆಯಬೇಕು. ಪಂಚಾಯಿತಿಗೊಬ್ಬರಂತೆ ಗೌರವಧನಕ್ಕೆ ದುಡಿಯುವ ಇವರು ತಾವೇ ಅಂಗವಿಕಲರು. ಪೋಲಿಯೊದಿಂದ ಎರಡೂ ಕಾಲು ಸೋತ ಒಬ್ಬರು ಪಕ್ಕಚಕ್ರದ ಸ್ಕೂಟರಿನಲ್ಲಿ ನಲವತ್ತು ಕಿಲೋಮೀಟರ್ ಹೋಗಿ ಏಳು ಮನೆಗೆ ಸಿರಪ್ಪು ತಂದುಕೊಟ್ಟರು. ದಾರಿಯಲ್ಲಿ ತಡೆದವರಿಗೆ ತೋರಿಸಲು ಒಂದು ಕಾಗದ ಬೇಕಿತ್ತು. ಆ ಕಾಗದ ಇತ್ತು ಎಂಬುದೇ ನನಗೆ ಇಂದಿಗೂ ನೋವಿನ ಸಂಗತಿ. ಕೇಂದ್ರ ಸರ್ಕಾರದ ಅಂಗವಿಕಲರ ಇಲಾಖೆ ಮಾರ್ಚ್ ಕೊನೆಯ ವಾರದಲ್ಲೇ ಮಾರ್ಗಸೂಚಿ ಹೊರಡಿಸಿ, ಆರೈಕೆ ಮಾಡುವವರ ಓಡಾಟಕ್ಕೆ ಅಡ್ಡಿ ಮಾಡಬಾರದೆಂದು ಹೇಳಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್ ವಿಪತ್ತಿನ ಹೊತ್ತಿನಲ್ಲಿ ಇವರ ಸುರಕ್ಷತೆಗೆ ಸಮಾನ ಹಕ್ಕು ಕೊಟ್ಟಿದೆ. ರಸ್ತೆಯಲ್ಲಿ ನಿಂತು ಲಾಠಿ ಹಿಡಿದಿದ್ದ ಹುಡುಗನಿಗೆ ಇದನ್ನು ಯಾರೂ ತಿಳಿಸಿರಲಿಲ್ಲ, ಅವನನ್ನು ದೂರಿ ಫಲವಿಲ್ಲ. ನೆರವಿನ ಹಣದ ಕಥೆಯೂ ಹಾಗೇ. ಅಂಗವಿಕಲ ಪಿಂಚಣಿದಾರರಿಗೆ ಕೇಂದ್ರ ಸರ್ಕಾರ ಎರಡು ಕಂತಿನಲ್ಲಿ ₹1,000 ಕೊಟ್ಟಿತು. ಆ ಕೇಂದ್ರ ಪಿಂಚಣಿ ಸಿಗುವುದು 18 ತುಂಬಿದವರಿಗೆ, ಅಂಗವೈಕಲ್ಯ 80 ಪ್ರತಿಶತ ಇದ್ದರೆ. ಮಕ್ಕಳು ಆ ಪಟ್ಟಿಯಲ್ಲೇ ಇಲ್ಲ.

ಒಬ್ಬನೇ ಆರೈಕೆದಾರನ ಮೇಲೆ ನಿಂತ ಜೀವಕ್ಕೆ ಪ್ರತ್ಯೇಕವಾಸ ಎಂದರೇನು ಎಂಬುದು ನಮಗಿಂತ ಮೊದಲೇ ಜಗತ್ತಿಗೆ ತಿಳಿದಿತ್ತು. ಚೀನಾದ ಹುಬೇ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಸೆರೆಬ್ರಲ್ ಪಾಲ್ಸಿ ಇದ್ದ ಹದಿಹರೆಯದ ಹುಡುಗನೊಬ್ಬ ತಂದೆಯ ಕೈಯಿಂದಲೇ ಉಣ್ಣುತ್ತಿದ್ದ. ಸೋಂಕಿನ ಶಂಕೆಯಿಂದ ತಂದೆಯನ್ನು ಕರೆದೊಯ್ದರು. ಮಗನನ್ನು ನೋಡಿಕೊಳ್ಳಿ ಎಂದು ಆ ತಂದೆ ಸಾಮಾಜಿಕ ಜಾಲತಾಣದಲ್ಲಿ ಬೇಡಿಕೊಂಡ. ಆರೇಳು ದಿನಗಳಲ್ಲಿ ಹುಡುಗನಿಗೆ ಊಟ ಸಿಕ್ಕಿದ್ದು ಬೆರಳೆಣಿಕೆಯ ಸಲ. 2020ರ ಜನವರಿ 29ರಂದು ಅವನು ತೀರಿಕೊಂಡ, ಸ್ಥಳೀಯ ಅಧಿಕಾರಿಗಳಿಬ್ಬರನ್ನು ವಜಾ ಮಾಡಿದರು. ನಮ್ಮ ಮಾರ್ಚಿಗೆ ಎರಡು ತಿಂಗಳು ಮುಂಚಿನ ಮಾತಿದು. ಬ್ರಿಟನ್ನಿನಲ್ಲಿ ಆರೋಗ್ಯದ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ ಅದೇ ಮಾರ್ಚಿನಲ್ಲಿ, ತೀವ್ರನಿಗಾ ಘಟಕಕ್ಕೆ ಯಾರನ್ನು ಸೇರಿಸಬೇಕೆಂದು ತೀರ್ಮಾನಿಸಲು ವೃದ್ಧರ ನಿಶ್ಶಕ್ತಿ ಅಳೆಯುವ ಒಂದು ಮಾಪಕವನ್ನು ಸೂಚಿಸಿತು. ಎದ್ದು ಓಡಾಡಲು, ಉಡಲು ಉಣ್ಣಲು ಇನ್ನೊಬ್ಬರ ನೆರವು ಬೇಕಾದಷ್ಟೂ ಅಂಕ ಕೆಡುವ ಮಾಪಕ ಅದು. ಹುಟ್ಟಿನಿಂದಲೇ ನೆರವು ಬೇಕಾದವರು ಸಾವಿಗೆ ಹತ್ತಿರ ಇರುವವರಲ್ಲ ಎಂದು ಹೆತ್ತವರು, ಅಂಗವಿಕಲರ ಸಂಘಟನೆಗಳು ದನಿ ಎತ್ತಿದ ಮೇಲೆ ಮಾರ್ಚ್ 25ಕ್ಕೆ ಅದನ್ನು ತಿದ್ದಿದರು. ಸೆರೆಬ್ರಲ್ ಪಾಲ್ಸಿಯಂಥ ಸ್ಥಿರವಾದ ಅಂಗವೈಕಲ್ಯ ಇರುವವರಿಗೆ ಈ ಮಾಪಕ ಬಳಸಕೂಡದೆಂದು ಹೆಸರು ಹಿಡಿದೇ ಬರೆದರು. ಹೆಸರು ಹಿಡಿದು ಬರೆಯುವುದರಿಂದ ಜೀವ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಡ.

ಆ ತಿಂಗಳುಗಳಲ್ಲಿ ಒಳ್ಳೆಯದೂ ಆಯಿತು, ಅದನ್ನು ಬಿಟ್ಟರೆ ಮಾತು ಪೂರ್ತಿಯಾಗದು. ವಿಡಿಯೋ ಕರೆಯಲ್ಲಿ ನಾನು ಮೊದಲ ಸಲ ಮಕ್ಕಳ ಮನೆಯೊಳಗನ್ನು ಕಂಡೆ. ಹೊಸ್ತಿಲಿನ ಎತ್ತರ, ಹಿತ್ತಲ ಬಚ್ಚಲಿಗೆ ಇಳಿಯುವ ಮೂರು ಕಲ್ಲು, ಮಗುವನ್ನು ಆನಿಸಿ ಕೂರಿಸಬಹುದಾದ ರಾಗಿ ಮೂಟೆ. ಇಪ್ಪತ್ತು ವರ್ಷ ನನ್ನ ಮೇಜಿನ ಎತ್ತರಕ್ಕೆ ತಾಯಂದಿರಿಗೆ ಪಾಠ ಹೇಳಿದ್ದೆ, ಅವರ ಮನೆಯಲ್ಲಿ ಮೇಜೇ ಇರಲಿಲ್ಲ. ಅಪ್ಪಂದಿರೂ ಮನೆಗೆ ಬಂದಿದ್ದರು. ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಒಬ್ಬರು ಊರಿಗೆ ಮರಳಿ, ಮಗ ಹುಟ್ಟಿ ಆರು ವರ್ಷಕ್ಕೆ ಮೊದಲ ಬಾರಿಗೆ ಅವನಿಗೆ ಅನ್ನ ಉಣಿಸಿದರು. “ಒಂದ್ ತುತ್ತು ನುಂಗೋಕೆ ಇಷ್ಟೊತ್ ಆಗ್ತೈತೆ ಅಂತ ನಂಗ್ ಗೊತ್ತೇ ಇರ್ಲಿಲ್ಲ ಮೇಡಂ” ಎಂದರು. ಆಮೇಲೆ ಫೋನಿನಾಚೆ ಮೌನ. ಸಿಮೆಂಟಿನ ಎರಡು ಕಂಬ ನಿಲ್ಲಿಸಿ ಬಿದಿರು ಕಟ್ಟಿ ಅಂಗಳದಲ್ಲಿ ಹಿಡಿದು ನಡೆಯುವ ದಾರಿ ಮಾಡಿದವರೂ ಅವರೇ.

ಆದರೆ ಇಂಥ ಮನೆಗಳು ಕೆಲವೇ. ಉಳಿದೆಡೆ ಎಲ್ಲವೂ ತಾಯಿಯ ಬೆನ್ನ ಮೇಲೆ ಬಿತ್ತು. ಮಗು ಇಪ್ಪತ್ತು ಕೆಜಿ ದಾಟಿದೆ. ಬಚ್ಚಲಿಗೆ, ಅಂಗಳಕ್ಕೆ, ಚಾಪೆಗೆ ದಿನಕ್ಕೆ ಹತ್ತು ಹನ್ನೆರಡು ಸಲ ಎತ್ತಬೇಕು. ಕೂಲಿ ಇಲ್ಲ, ಉಳಿದ ಮಕ್ಕಳೂ ಮನೆಯಲ್ಲಿ. ಕೇಂದ್ರದ ಆರು ಗಂಟೆಯೇ ಆ ತಾಯಿಗೆ ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಇದ್ದ ಬಿಡುವು ಎಂದು ನಾನು ಯೋಚಿಸಿರಲೇ ಇಲ್ಲ. ಕೆಲವು ಹುಡುಗಿಯರು ಅದೇ ಕಾಲದಲ್ಲಿ ಮೈನೆರೆದರು. ಬಟ್ಟೆ, ಪ್ಯಾಡು, ಸ್ನಾನ, ಆ ಹುಡುಗಿಯ ಗಾಬರಿ, ಯಾರನ್ನೂ ಕೇಳಲಾಗದ ತಾಯಿಯ ಗಾಬರಿ.

ಇನ್ನೊಂದನ್ನು ನಾನು ತಡವಾಗಿ ಅರಿತೆ. ಚಿತ್ರದ ಹಲಗೆಯನ್ನು ನಾವು ಹುಡುಗಿಯ ಜೊತೆಗೇ ಮನೆಗೆ ಕಳಿಸಿದ್ದೆವು. ಆದರೂ ಅವಳು ಅದನ್ನು ಬಳಸುವುದು ಬಿಟ್ಟಳು. ಮನೆಯಲ್ಲಿ ಅಮ್ಮನಿಗೆ ಅವಳ ಕಣ್ಣು ಸಾಕು. ನೀರೋ ನೋವೋ ಕೇಳದೆಯೇ ತಿಳಿಯುತ್ತದೆ. ತೋರಿಸಿ ಹೇಳುವ ಅಗತ್ಯ ಬರುವುದು ಅಪರಿಚಿತರ ಜೊತೆಗೆ, ಗೆಳೆಯರ ಜೊತೆಗೆ. ಪ್ರೀತಿಯೊಂದೇ ಇದ್ದ ಮನೆಯಲ್ಲಿ ಅವಳ ಭಾಷೆ ಕೆಲಸವಿಲ್ಲದೆ ಸವೆಯಿತು. ದೂರದರ್ಶನ ಚಂದನದಲ್ಲಿ ಶಾಲಾ ಮಕ್ಕಳಿಗೆ ಸೇತುಬಂಧ ಪಾಠ ಬರುತ್ತಿತ್ತು. ಅವಳು ನೋಡುತ್ತಿದ್ದಳು, ಟೀವಿ ಅವಳನ್ನು ನೋಡುತ್ತಿರಲಿಲ್ಲ.

ಈಗ ನನಗಿರುವ ಆತಂಕ ಆ ಹುಡುಗಿಗಿಂತ ಚಿಕ್ಕವರದು. 2020, 2021ರಲ್ಲಿ ಹುಟ್ಟಿದವರು. ಮೊದಲ ಎರಡು ವರ್ಷ ಮಿದುಳು ಹೊಸ ದಾರಿ ಹುಡುಕಿಕೊಳ್ಳುವ ಕಾಲ, ಕತ್ತು ನಿಲ್ಲದ್ದನ್ನು, ಮುಷ್ಟಿ ಬಿಚ್ಚದ್ದನ್ನು ಆರು ತಿಂಗಳೊಳಗೆ ಗುರುತಿಸಿದರೆ ಎಷ್ಟೋ ಮಾಡಬಹುದು. ಅದನ್ನು ಗುರುತಿಸಬೇಕಾದ ಆಶಾ ಕಾರ್ಯಕರ್ತೆಯರು ಮನೆಮನೆಯ ಸೋಂಕಿನ ಸಮೀಕ್ಷೆಯಲ್ಲಿದ್ದರು. ಮಕ್ಕಳ ತಪಾಸಣೆಯ ತಂಡಗಳು ಕೋವಿಡ್ ಕೆಲಸಕ್ಕೆ ಹೋಗಿದ್ದವು. ಅಂಗನವಾಡಿಗೆ ಮಕ್ಕಳು ಮರಳಿದ್ದು 2021ರ ನವೆಂಬರಿಗೆ. ಮೂರು ವರ್ಷ ತುಂಬಿದ ಮೇಲೆ ನಮ್ಮ ಬಾಗಿಲಿಗೆ ಬಂದ ಮಕ್ಕಳನ್ನು ನಾನು ಎಣಿಸಿಟ್ಟುಕೊಂಡಿಲ್ಲ, ಎಣಿಸಬೇಕಿತ್ತು. ಅವರೀಗ ಒಂದನೇ ತರಗತಿಯ ವಯಸ್ಸಿಗೆ ಬರುತ್ತಿದ್ದಾರೆ. ಆ ಎರಡು ವರ್ಷಗಳಲ್ಲಿ ಹುಟ್ಟಿದ ಮಕ್ಕಳನ್ನು ಹೆಸರು ಹಿಡಿದು ಹುಡುಕಬೇಕು, ಪ್ರತಿಯೊಬ್ಬರ ಸೊಂಟದ ಎಕ್ಸ್‌ರೇ ತೆಗೆಸಬೇಕು. ವಿಪತ್ತಿನ ಅಗತ್ಯ ಸೇವೆಗಳ ಪಟ್ಟಿಯಲ್ಲಿ ಪುನರ್ವಸತಿ ಎಂಬ ಪದ ಅಚ್ಚಾಗಬೇಕು. ಸರ್ಕಾರವನ್ನು ನಾನು ಕೇಳುವುದು ಇಷ್ಟು.

ಕೇಂದ್ರದ ಬಾಗಿಲು ತೆರೆದ ದಿನ ಆ ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸಲು ನೋಡಿದೆವು. ಮೊಣಕಾಲು ಅಡ್ಡಹಲಗೆಗೆ ತಾಗಿತು, ಬೆನ್ನು ಒಂದು ಪಕ್ಕಕ್ಕೆ ವಾಲಿತ್ತು, ತೊಡೆಗಳು ಗೂಟದ ಎರಡೂ ಕಡೆ ಬಿಚ್ಚಲೇ ಇಲ್ಲ. ಅವಳು ಅಡ್ಡಹಲಗೆಯನ್ನು ಮುಷ್ಟಿಯಿಂದ ಒಂದು ಸಲ ಸವರಿದಳು. ಅಜ್ಜಿ ಎರಡನೆಯ ಅಲೆಯಲ್ಲಿ ತೀರಿಕೊಂಡಿದ್ದರು. ಚಿತ್ರದ ಹಲಗೆಯಿಂದ ಅಜ್ಜಿಯ ಚಿತ್ರ ತೆಗೆಯಬೇಕೋ ಬಿಡಬೇಕೋ ಎಂದು ಅವಳ ಅಮ್ಮ ನನ್ನನ್ನು ಕೇಳಿದರು. ಬಿಡಿ ಎಂದೆ. ಅವಳಿಗೆ ಈಗ ಬೇರೆ ಕುರ್ಚಿ ಇದೆ, ಚಕ್ರದ್ದು. ಸೊಂಟದ ಶಸ್ತ್ರಚಿಕಿತ್ಸೆಯಾದ ಮೇಲೆ ಮಾಡಿಸಿದ್ದು.

ಹಳೆಯದನ್ನು ಒರೆಸಿ ಇಟ್ಟಿದ್ದೇವೆ. 2020ರ ಜುಲೈನಲ್ಲಿ ಹುಟ್ಟಿದ ಹುಡುಗನೊಬ್ಬ ಹೋದ ತಿಂಗಳು ಬಂದ. ಗೂಟಕ್ಕೆ ಹೊಸ ಬಟ್ಟೆ ಸುತ್ತಬೇಕು, ಕಾಲಿನಡಿ ಒಂದು ಹಲಗೆ ಏರಿಸಬೇಕು, ಸೊಂಟದ ಪಟ್ಟಿ ಬದಲಾಗಬೇಕು. ಬಡಗಿ ಸೋಮವಾರ ಬರುತ್ತೇನೆ ಎಂದಿದ್ದಾರೆ. ಈ ಸಲ ಅಳತೆ ತೆಗೆದು ಇನ್ನೊಂದನ್ನೂ ಮಾಡಿಸುತ್ತಿದ್ದೇವೆ, ಒಂದು ಕೇಂದ್ರಕ್ಕೆ, ಒಂದು ಅವನ ಮನೆಗೆ.